ಗಲ್ಲಾ ಪೆಟ್ಟಿಗೆ ಈಗ ಫೋನಿನೊಳಗೆ: ಅದರ ಬೀಗ ರಿಪೇರಿ ಆಗಿದ್ದು ಯಾವಾಗ?

ಗುಂಡ್ಲುಪೇಟೆ: ರಾತ್ರಿ ಅಂಗಡಿ ಮುಚ್ಚುವಾಗ ಷಟರ್ ಬೀಗವನ್ನು ಎರಡು ಸಲ ಎಳೆದು ನೋಡದ ವರ್ತಕರು ತಾಲ್ಲೂಕಿನಲ್ಲಿ ಸಿಗೋದು ಕಷ್ಟ. ಆದರೆ ಅವತ್ತಿನ ವ್ಯಾಪಾರದ ದೊಡ್ಡದೊಂದು ಪಾಲು ಆ ಷಟರ್ ಒಳಗೆ ಇರುವುದೇ ಇಲ್ಲ. ಅದು ಜೇಬಿನಲ್ಲಿರುವ ಫೋನಿನ ಜೊತೆ ಮನೆಗೆ ಹೋಗಿರುತ್ತದೆ. ಅದೇ ಫೋನಿನಲ್ಲಿ 'ಸಾಫ್ಟ್‌ವೇರ್ ಅಪ್‌ಡೇಟ್ ಬಂದಿದೆ' ಅನ್ನೋ ಸೂಚನೆ ತಿಂಗಳುಗಟ್ಟಲೆಯಿಂದ ಕೂತಿರುತ್ತದೆ. ಗಿರಾಕಿ ಮುಂದೆ ನಿಂತಿರುವಾಗ ಅದನ್ನು ನೋಡೋಕೆ ಪುರುಸೊತ್ತೆಲ್ಲಿ? 'ಆಮೇಲೆ' ಅಂತ ಒತ್ತಿ ಪಕ್ಕಕ್ಕೆ ತಳ್ಳುವುದೇ ರೂಢಿ.

ಈ 'ಆಮೇಲೆ' ಎಷ್ಟು ದುಬಾರಿ ಆಗಬಹುದು ಅನ್ನೋದನ್ನು ನೋಡುವ ಕಾಲ ಬಂದಿದೆ. 2016ರಲ್ಲಿ ಶುರುವಾದ ಯುಪಿಐನಲ್ಲಿ 2025ರ ಆಗಸ್ಟ್ ಒಂದೇ ತಿಂಗಳು ದೇಶದಾದ್ಯಂತ 2,000 ಕೋಟಿಗೂ ಹೆಚ್ಚು ವಹಿವಾಟು ನಡೆದಿದೆ. ಮೊತ್ತ ಸುಮಾರು 24.85 ಲಕ್ಷ ಕೋಟಿ ರೂಪಾಯಿ. ತೆರಕಣಾಂಬಿ ಮಾರುಕಟ್ಟೆಯ ತರಕಾರಿ ಲೋಡಿನಿಂದ ಹಿಡಿದು ಬಸ್ ಸ್ಟ್ಯಾಂಡ್ ಮುಂದಿನ ಟೀ ಅಂಗಡಿಯ ಹತ್ತು ರೂಪಾಯಿವರೆಗೆ ಲೆಕ್ಕ ಫೋನಿನಲ್ಲೇ ಮುಗಿಯುತ್ತಿದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದೆ 'ಕ್ಯಾಶ್ ಮಾತ್ರ' ಬೋರ್ಡ್ ಬಿದ್ದಿತ್ತು. ಹಾಗಿದ್ದರೂ ಕ್ಯೂಆರ್ ಕೋಡ್ ಹೋಗಲಿಲ್ಲ. ಗಿರಾಕಿ ಜೇಬಲ್ಲಿ ಚಿಲ್ಲರೆ ಇಲ್ಲ ಅಂದ ಮೇಲೆ ಅಂಗಡಿಯವರಿಗೆ ಬೇರೆ ದಾರಿ ಇಲ್ಲ.

ಇನ್ನೊಂದು ವಿಷಯ. ಸೌಂಡ್ ಬಾಕ್ಸ್ ಬಂದ ದುಡ್ಡನ್ನು ಕೂಗಿ ಹೇಳುತ್ತದೆ. ಹೋದ ದುಡ್ಡನ್ನು ಹೇಳುವುದಿಲ್ಲ.

ಅಪ್‌ಡೇಟ್ ಒಳಗೆ ಇರೋದೇನು?

ಅಪ್‌ಡೇಟ್ ಅಂದ್ರೆ ಹೊಸ ಎಮೋಜಿ, ಹೊಸ ಬಣ್ಣ ಅಂತ ತಿಳಿದವರೇ ಹೆಚ್ಚು. ಮುಖ್ಯ ಕೆಲಸ ಅದಲ್ಲ. ಫೋನಿನ ಸಾಫ್ಟ್‌ವೇರ್ ಕೋಟಿಗಟ್ಟಲೆ ಸಾಲುಗಳ ಬರವಣಿಗೆ. ಬರೆಯುವವರು ಮನುಷ್ಯರೇ ಆದ್ದರಿಂದ ಎಲ್ಲೋ ಒಂದು ಕಡೆ ತಪ್ಪು ಉಳಿದಿರುತ್ತದೆ. ಗೋಡೆಯಲ್ಲಿ ಇಲಿ ತೋಡಿದ ತೂತಿದ್ದ ಹಾಗೆ. ಆ ತೂತಿನಿಂದ ಕಳ್ಳ ಒಳಗೆ ಬರಬಹುದು ಅಂತ ಗೊತ್ತಾದಾಗ ಕಂಪನಿ ಅದನ್ನು ಮುಚ್ಚುವ ಸಿಮೆಂಟ್ ಕಳಿಸುತ್ತದೆ. ಅದೇ ಸೆಕ್ಯುರಿಟಿ ಅಪ್‌ಡೇಟ್.

2015ರ ಜುಲೈನಲ್ಲಿ ಆಂಡ್ರಾಯ್ಡ್ ಫೋನುಗಳಲ್ಲಿ 'ಸ್ಟೇಜ್‌ಫ್ರೈಟ್' ಅನ್ನೋ ದೊಡ್ಡ ತೂತು ಬಯಲಾಯಿತು. ಒಂದು ವಿಡಿಯೊ ಇರುವ ಮೆಸೇಜ್ ಬಂದರೆ ಸಾಕು, ಅದನ್ನು ತೆರೆಯದೇ ಇದ್ದರೂ ಫೋನು ಬೇರೆಯವರ ಕೈಗೆ ಹೋಗುವ ಅಪಾಯವಿತ್ತು. ಅದಾದ ಮೇಲೆಯೇ ಗೂಗಲ್ ಪ್ರತಿ ತಿಂಗಳು ಸೆಕ್ಯುರಿಟಿ ಅಪ್‌ಡೇಟ್ ಬಿಡುವ ಪದ್ಧತಿ ಶುರು ಮಾಡಿದ್ದು.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಮಾತೊಂದಿದೆ. ಯಾವ ತೂತನ್ನು ಮುಚ್ಚಿದ್ದೇವೆ ಅಂತ ಕಂಪನಿಗಳು ಬಹಿರಂಗವಾಗಿ ಪ್ರಕಟಿಸುತ್ತವೆ. ಅದನ್ನು ಬಳಕೆದಾರರು ಓದದಿದ್ದರೂ ಕಳ್ಳರು ಓದುತ್ತಾರೆ. 'ಓಹೋ, ಇಲ್ಲೊಂದು ತೂತಿತ್ತು, ಇನ್ನೂ ಸಿಮೆಂಟ್ ಹಾಕಿಸಿಕೊಳ್ಳದವರು ಎಷ್ಟು ಜನ ಇದ್ದಾರೆ ನೋಡೋಣ' ಅಂತ ಹೊರಡುತ್ತಾರೆ. ಅಂದರೆ ಅಪ್‌ಡೇಟ್ ಬಂದ ದಿನದಿಂದ ನಾವು ಅದನ್ನು ಹಾಕಿಕೊಳ್ಳುವ ದಿನದವರೆಗಿನ ಅವಧಿಯೇ ಹೆಚ್ಚು ಅಪಾಯದ ಅವಧಿ. 'ಆಮೇಲೆ' ಅಂತ ಒತ್ತಿದಾಗಲೆಲ್ಲ ಆ ಅವಧಿಯನ್ನು ನಾವೇ ಉದ್ದ ಮಾಡುತ್ತೇವೆ.

ವಯನಾಡಿನ ಪಂಚಾಯಿತಿಗೆ ಬಂದ ವೈರಸ್

'ನಮ್ಮಂಥ ಸಣ್ಣವರ ಫೋನು ಯಾರಿಗೆ ಬೇಕು ಬಿಡಿ' ಅನ್ನೋ ಮಾತು ಅಂಗಡಿ ಬೀದಿಯಲ್ಲಿ ಸಾಮಾನ್ಯ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಬಂಡೀಪುರದ ಕಾಡು ದಾಟಿದರೆ ಸಿಗುವ ವಯನಾಡಿಗೆ ಹೋದರೆ ಸಾಕು.

2017ರ ಮೇ 12ರಂದು 'ವಾನಾಕ್ರೈ' ಎಂಬ ವೈರಸ್ ಜಗತ್ತಿನಾದ್ಯಂತ ಹರಡಿತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಬಿತ್ತು. ತೆಗೆಯಬೇಕಾದರೆ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಡಿ ಅಂತ ಪರದೆ ಮೇಲೆ ಬೇಡಿಕೆ ಬಂತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಅದೇ ವೈರಸ್ ವಯನಾಡ್ ಜಿಲ್ಲೆಯ ತರಿಯೋಡ್ ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರ್‌ಗಳಿಗೂ ಬಡಿಯಿತು. ಆಂಧ್ರ ಪೊಲೀಸರ ಕಂಪ್ಯೂಟರ್‌ಗಳೂ ಬಿಟ್ಟಿರಲಿಲ್ಲ.

ಲಂಡನ್ನಿನ ಆಸ್ಪತ್ರೆ, ಕೇರಳದ ಪಂಚಾಯಿತಿ ಎರಡನ್ನೂ ಕೂತು ಆರಿಸಿದವರು ಯಾರೂ ಇಲ್ಲ. ಆ ವೈರಸ್ಸಿಗೆ ದೊಡ್ಡವರು, ಸಣ್ಣವರು ಅಂತ ಗೊತ್ತಿರಲಿಲ್ಲ. ತೂತು ಎಲ್ಲಿದೆಯೋ ಅಲ್ಲಿಗೆ ನುಗ್ಗಿತು, ಅಷ್ಟೆ.

ಬೇಸರದ ಸಂಗತಿ ಅಂದ್ರೆ ಇದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಟ್ಟಿತ್ತು. ದಾಳಿಗೆ ಎರಡು ತಿಂಗಳು ಮೊದಲು. ಬಲಿಯಾದ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ವಿಂಡೋಸ್ 7ರವು. ಅವಕ್ಕೆ ಆ ಅಪ್‌ಡೇಟ್ ಉಚಿತವಾಗಿ ಸಿಗುತ್ತಿತ್ತು. ಔಷಧಿ ಮೆಡಿಕಲ್ ಸ್ಟೋರಿನಲ್ಲಿತ್ತು, ತಂದು ಕುಡಿಯಲಿಲ್ಲ ಅನ್ನೋ ಕಥೆ ಅದು.

ಜನರ ಅನುಮಾನ ಪೂರ್ತಿ ಸುಳ್ಳಲ್ಲ

ಹಾಗಂತ 'ಆಮೇಲೆ' ಒತ್ತುವವರೆಲ್ಲ ಸೋಮಾರಿಗಳು ಅನ್ನೋದು ತಪ್ಪಾಗುತ್ತದೆ. 'ಅಪ್‌ಡೇಟ್ ಮಾಡ್ಬುಟ್ರೆ ಫೋನ್ ಸ್ಲೋ ಆಗೋಯ್ತದೆ' ಅನ್ನೋ ಮಾತಿನಲ್ಲಿ ಸತ್ಯಾಂಶ ಇದೆ. ಹಳೇ ಬ್ಯಾಟರಿ ಇರುವ ಐಫೋನುಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದನ್ನು ಆ್ಯಪಲ್ ಕಂಪನಿ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಅಪ್‌ಡೇಟ್‌ನಿಂದ ಫೋನುಗಳು ನಿಧಾನವಾದವು ಎಂಬ ಕಾರಣಕ್ಕೆ 2018ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆ್ಯಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತು.

ಅಪ್‌ಡೇಟೇ ಕೆಲಸ ಕೆಡಿಸಿದ ಉದಾಹರಣೆಯೂ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟಿದ್ದು ಅವತ್ತೇ.

ಹಾಗಿದ್ದರೆ ಯಾವುದನ್ನು ನಂಬೋದು? ಲೆಕ್ಕ ಹಾಕಿ ನೋಡಿದರೆ ಉತ್ತರ ಸಿಗುತ್ತದೆ. ಅಪ್‌ಡೇಟ್‌ನಿಂದ ತೊಂದರೆಯಾದರೆ ಫೋನು ನಿಧಾನ ಆಗಬಹುದು, ಒಂದೆರಡು ದಿನ ಸತಾಯಿಸಬಹುದು. ಅಪ್‌ಡೇಟ್ ಇಲ್ಲದೆ ತೊಂದರೆಯಾದರೆ ಹೋಗುವುದು ಬ್ಯಾಂಕಿನಲ್ಲಿರುವ ದುಡ್ಡು. ಫೋನು ನಿಧಾನವಾದರೆ ಬೈದುಕೊಂಡಾದರೂ ವ್ಯಾಪಾರ ಮಾಡಬಹುದು. ಖಾತೆ ಖಾಲಿಯಾದರೆ ನಾಳೆ ಮಂಡಿಗೆ ಹೋಗೋಕೆ ಬಂಡವಾಳವೇ ಇರುವುದಿಲ್ಲ.

ಎಲ್ಲ ಅಪ್‌ಡೇಟೂ ಒಂದೇ ಅಲ್ಲ ಅನ್ನೋದನ್ನೂ ತಿಳಿಯಬೇಕು. ಪ್ಲೇ ಸ್ಟೋರ್‌ನಲ್ಲಿ ಬರುವುದು ಆ್ಯಪ್ ಅಪ್‌ಡೇಟ್. ಪ್ರತಿ ತಿಂಗಳೋ ಎರಡು ಮೂರು ತಿಂಗಳಿಗೊಮ್ಮೆಯೋ ಬರುವ ಚಿಕ್ಕದು ಸೆಕ್ಯುರಿಟಿ ಅಪ್‌ಡೇಟ್. ಆಂಡ್ರಾಯ್ಡ್ 13ರಿಂದ 14 ಅಂತ ನಂಬರ್ ಬದಲಾಗುವ ದೊಡ್ಡದು ವರ್ಷನ್ ಅಪ್‌ಡೇಟ್. ಫೋನು ಸ್ಲೋ ಆಯಿತು ಅನ್ನೋ ದೂರು ಹೆಚ್ಚಾಗಿ ಬರುವುದು ಮೂರನೆಯದರಿಂದ. ಹಾಗಾಗಿ ಮೂರನೆಯದಕ್ಕೆ ಒಂದೆರಡು ವಾರ ಕಾದು, ಅದೇ ಮಾಡೆಲ್ ಇಟ್ಟುಕೊಂಡವರನ್ನು ಕೇಳಿ ಹಾಕಿಕೊಂಡರೂ ನಡೆಯುತ್ತದೆ. ಮೊದಲ ಎರಡನ್ನು ಮಾತ್ರ ಮುಂದೂಡಬಾರದು.

ಅಪ್‌ಡೇಟ್ ವೇಷದಲ್ಲಿ ಬರುವ ಕಳ್ಳ

ಈಗ ಗೊಂದಲದ ವಿಷಯ. ಒಂದು ಕಡೆ 'ಏನು ಬಂದ್ರೂ ಒತ್ತಬೇಡಿ' ಅಂತ ಪೊಲೀಸರು ಹೇಳುತ್ತಾರೆ. ಇನ್ನೊಂದು ಕಡೆ 'ಅಪ್‌ಡೇಟ್ ಒತ್ತಿ' ಅನ್ನೋ ಸಲಹೆ. ಸಾಮಾನ್ಯ ಜನ ಏನು ಮಾಡಬೇಕು?

ವಾಟ್ಸ್ಆ್ಯಪ್‌ನಲ್ಲಿ ಈಗ ಓಡಾಡುತ್ತಿರುವ ಮೋಸದ ಫೈಲುಗಳನ್ನು ನೋಡಿ. ಮದುವೆ ಆಮಂತ್ರಣ ಅಂತ ಒಂದು. ಆರ್‌ಟಿಒ ಚಲನ್ ಅಂತ ಇನ್ನೊಂದು. ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ, ಆಧಾರ್ ಅಪ್‌ಡೇಟ್ ಅಂತ ಮತ್ತೊಂದಷ್ಟು. ಹೆಸರು ಏನೇ ಇರಲಿ, ಕೊನೆಯಲ್ಲಿ 'ಎಪಿಕೆ' ಅನ್ನೋ ಮೂರು ಇಂಗ್ಲಿಷ್ ಅಕ್ಷರ ಇರುತ್ತದೆ. ಅದು ಫೋಟೊನೂ ಅಲ್ಲ, ಪತ್ರಿಕೆನೂ ಅಲ್ಲ. ಫೋನಿಗೆ ಹಾಕುವ ಆ್ಯಪ್. ಮದುವೆ ಪತ್ರಿಕೆ ಎಪಿಕೆ ರೂಪದಲ್ಲಿ ಬರುವುದಿಲ್ಲ.

ಅದನ್ನು ಒತ್ತಿದರೆ 'ಅಪರಿಚಿತ ಆ್ಯಪ್ ಹಾಕಲು ಅನುಮತಿ ಕೊಡಿ' ಅಂತ ಕೇಳುತ್ತದೆ. ಆಮೇಲೆ ಎಸ್ಎಂಎಸ್ ಓದುವ ಅನುಮತಿ. ಅದು ಸಿಕ್ಕ ಮೇಲೆ ಬ್ಯಾಂಕಿನಿಂದ ಬರುವ ಒಟಿಪಿ ನೇರವಾಗಿ ಕಳ್ಳರಿಗೆ ಹೋಗುತ್ತದೆ. ಸಾಲದ್ದಕ್ಕೆ ನಿಮ್ಮದೇ ನಂಬರಿನಿಂದ ನಿಮ್ಮ ಬಂಧು ಬಳಗಕ್ಕೆ, ಗಿರಾಕಿಗಳಿಗೆ ಅದೇ ಫೈಲು ರವಾನೆಯಾಗುತ್ತದೆ. 'ಅಣ್ಣಂದೇ ನಂಬರ್ ಅಲ್ವಾ' ಅಂತ ಅವರೂ ನಂಬಿ ಒತ್ತುತ್ತಾರೆ.

ಹಾಗಾಗಿ ನೆನಪಿಡಬೇಕಾದ ಸೂತ್ರ ಒಂದೇ. ನಿಜವಾದ ಅಪ್‌ಡೇಟ್ ಇರುವುದು ಫೋನಿನ ಸೆಟ್ಟಿಂಗ್ಸ್ ಒಳಗೆ, ಇಲ್ಲವೇ ಪ್ಲೇ ಸ್ಟೋರ್ ಒಳಗೆ. ನಾವೇ ಅಲ್ಲಿಗೆ ಹೋಗಿ ನೋಡಬೇಕು. ವಾಟ್ಸ್ಆ್ಯಪ್‌ನಲ್ಲಿ, ಎಸ್ಎಂಎಸ್‌ನಲ್ಲಿ, ಫೋನ್ ಕಾಲ್‌ನಲ್ಲಿ ಹುಡುಕಿಕೊಂಡು ಬಂದ 'ಅಪ್‌ಡೇಟ್' ಮೋಸದ್ದೇ ಅಂತ ತಿಳಿಯಿರಿ. ಸೂಚನೆ ಅಸಲಿಯೋ ನಕಲಿಯೋ ಅಂತ ಅನುಮಾನ ಬಂದರೆ ಅದನ್ನು ಒತ್ತದೆ ಬಿಟ್ಟು, ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ. ಅಲ್ಲಿದ್ದರೆ ಅಸಲಿ.

ಈ ಮೋಸಕ್ಕೂ ಅಸಲಿ ಅಪ್‌ಡೇಟ್‌ಗೂ ನೇರ ಸಂಬಂಧ ಇದೆ. ಹೊರಗಿನಿಂದ ಹಾಕಿದ ಆ್ಯಪ್‌ಗಳು ಫೋನಿನ ಪೂರ್ತಿ ಹಿಡಿತ ತೆಗೆದುಕೊಳ್ಳುವುದನ್ನು ಕಷ್ಟ ಮಾಡುವ ತಡೆ ಬಂದಿದ್ದು ಆಂಡ್ರಾಯ್ಡ್ 13ರಿಂದ. ಎಸ್ಎಂಎಸ್ ಓದಲು ಅನುಮತಿ ಕೇಳುವ ಅಪರಿಚಿತ ಎಪಿಕೆಗಳನ್ನು ಪ್ಲೇ ಪ್ರೊಟೆಕ್ಟ್ ತಾನಾಗಿಯೇ ತಡೆಯುವ ವ್ಯವಸ್ಥೆಯನ್ನು ಭಾರತದಲ್ಲಿ ಪ್ರಾಯೋಗಿಕವಾಗಿ ತರುವುದಾಗಿ ಗೂಗಲ್ ಘೋಷಿಸಿದ್ದು 2024ರಲ್ಲಿ. ಹಳೆಯ ಸಾಫ್ಟ್‌ವೇರ್‌ನಲ್ಲೇ ಕೂತವರಿಗೆ ಇಂಥ ಕಾವಲು ಪೂರ್ತಿ ಸಿಗುವುದಿಲ್ಲ.

ಫೋನಿಗೂ ಎಕ್ಸ್‌ಪೈರಿ ಡೇಟ್ ಇದೆ, ಬರೆದಿರುವುದಿಲ್ಲ

ಸೆಟ್ಟಿಂಗ್ಸ್‌ಗೆ ಹೋದರೂ 'ನಿಮ್ಮ ಫೋನ್ ಅಪ್ ಟು ಡೇಟ್ ಇದೆ' ಅಂತ ತೋರಿಸಿದರೆ ಖುಷಿ ಪಡುವ ಹಾಗಿಲ್ಲ. ಕಂಪನಿಯೇ ಅಪ್‌ಡೇಟ್ ಕಳಿಸುವುದನ್ನು ನಿಲ್ಲಿಸಿದ್ದರೂ ಫೋನು ಇದೇ ಮಾತು ಹೇಳಬಹುದು. ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ಯಾವ ತಿಂಗಳದ್ದು ಅಂತ ನೋಡಬೇಕು. ಅದು ಎರಡು ವರ್ಷ ಹಿಂದಿನದಾಗಿದ್ದರೆ ಆ ಫೋನಿನ ಕಾವಲು ಮುಗಿದಿದೆ ಎಂದೇ ಅರ್ಥ.

ಇಲ್ಲಿ ತಪ್ಪು ಅಂಗಡಿಯವರದ್ದಲ್ಲ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಹೇಳಿದವು. ಬಿಡುಗಡೆಯಾದಾಗ ಅವು ಮುಕ್ಕಾಲು ಲಕ್ಷದ ಆಜುಬಾಜಿನ ಫೋನುಗಳಾಗಿದ್ದವು. ನಮ್ಮ ಕಡೆ ಹೆಚ್ಚಾಗಿ ಮಾರಾಟವಾಗುವ ಹತ್ತು ಹನ್ನೆರಡು ಸಾವಿರದ ಫೋನುಗಳಲ್ಲಿ ಹಲವಕ್ಕೆ ಸಿಗುವುದು ಇದಕ್ಕಿಂತ ಕಡಿಮೆ ವರ್ಷ. ಅದರಲ್ಲೂ ಲೆಕ್ಕ ಶುರುವಾಗುವುದು ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಎರಡು ವರ್ಷ ಹಳೆಯ ಮಾಡೆಲನ್ನು ಹಬ್ಬದ ಆಫರ್‌ನಲ್ಲಿ ಕೊಂಡರೆ ಅರ್ಧ ಆಯಸ್ಸು ಮುಗಿದ ಫೋನನ್ನು ಕೊಂಡ ಹಾಗೆ. ಸೆಕೆಂಡ್ ಹ್ಯಾಂಡ್ ಫೋನಿನ ಕಥೆ ಹೇಳುವುದೇ ಬೇಡ.

ಐದು ರೂಪಾಯಿ ಬಿಸ್ಕತ್ ಪ್ಯಾಕೆಟ್ಟಿನ ಮೇಲೂ ಎಷ್ಟು ದಿನದೊಳಗೆ ತಿನ್ನಬೇಕು ಅಂತ ಬರೆದಿರುತ್ತದೆ. ಡೇಟ್ ಮುಗಿದ ಮಾಲು ಇಟ್ಟರೆ ಅಂಗಡಿಯವರಿಗೆ ದಂಡ ಬೀಳುತ್ತದೆ. ಆದರೆ ಫೋನಿನ ಪೆಟ್ಟಿಗೆ ಮೇಲೆ ಎಂಆರ್‌ಪಿ, ತಯಾರಾದ ತಿಂಗಳು ಇರುತ್ತವೆಯೇ ಹೊರತು ಅಪ್‌ಡೇಟ್ ಎಲ್ಲಿಯವರೆಗೆ ಅಂತ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಈ ಅವಧಿಯನ್ನು ಕಂಪನಿಗಳು ಬಹಿರಂಗಪಡಿಸಲೇಬೇಕು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಮಾಡೆಲ್ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಒದಗಿಸಬೇಕು. ಡಿಜಿಟಲ್ ಪಾವತಿಯಲ್ಲಿ ಜಗತ್ತಿಗೇ ಮುಂದಿದ್ದೇವೆ ಅನ್ನುವ ನಮ್ಮಲ್ಲೂ ಫೋನಿನ ಪೆಟ್ಟಿಗೆ ಮೇಲೆ ಒಂದು ಸಾಲು ಬರೆಸಬೇಕೆಂದು ಕೇಳುವುದು ಅತಿಯಾಸೆ ಏನಲ್ಲ. ವರ್ತಕರ ಸಂಘಗಳು, ಗ್ರಾಹಕ ವೇದಿಕೆಗಳು ಎತ್ತಬೇಕಾದ ಬೇಡಿಕೆ ಇದು.

ಕಂಪ್ಯೂಟರ್ ಇಟ್ಟವರಿಗೂ ಇದೇ ಮಾತು ಅನ್ವಯ. ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಬಿಲ್ಲಿಂಗ್ ಕೌಂಟರ್‌ಗಳಲ್ಲಿ ವಿಂಡೋಸ್ 10 ಇದ್ದರೆ, ಅದಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮುಂದಿನ ಅಪ್‌ಡೇಟ್ ಬೇಕಾದರೆ ವಿಸ್ತರಣಾ ಯೋಜನೆಗೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು, ಇಲ್ಲವೇ ವಿಂಡೋಸ್ 11ಕ್ಕೆ ಹೋಗಬೇಕು. ಊರಿನ ಅರ್ಧ ಜನರ ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಆಗುವುದು ಇಂಥ ಕಂಪ್ಯೂಟರ್‌ಗಳಲ್ಲೇ ಅನ್ನೋದನ್ನು ಮರೆಯಬಾರದು.

ಈ ವಾರ ಮಾಡಬಹುದಾದ ಕೆಲಸ

ಇದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ವ್ಯಾಪಾರದ ಹೊತ್ತಿನಲ್ಲಿ, ಸಂತೆ ದಿನ ಮಾಡಬೇಡಿ. ರಾತ್ರಿ ಊಟ ಆದ ಮೇಲೆ ಫೋನನ್ನು ಚಾರ್ಜಿಗೆ ಹಾಕಿ. ಫೋಟೊ, ನಂಬರುಗಳ ಬ್ಯಾಕಪ್ ತೆಗೆದುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ಅಥವಾ 'ಸಾಫ್ಟ್‌ವೇರ್ ಅಪ್‌ಡೇಟ್' ಅಂತ ಇರುತ್ತದೆ. ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ಅಲ್ಲೇ ಸಿಗುತ್ತದೆ. ಹೊಸದು ಬಂದಿದ್ದರೆ ಹಾಕಿ ಮಲಗಿದರೆ ಬೆಳಗ್ಗೆ ಹೊತ್ತಿಗೆ ಸಿದ್ಧ.

'ಜಾಗ ಇಲ್ಲ' ಅಂತ ತೋರಿಸಿದರೆ ಗ್ರೂಪುಗಳಿಂದ ಬಂದು ಕೂತಿರುವ ಗುಡ್ ಮಾರ್ನಿಂಗ್ ವಿಡಿಯೊಗಳನ್ನು ಅಳಿಸಿ. ಬಹಳ ಫೋನುಗಳಲ್ಲಿ ಅಷ್ಟಕ್ಕೇ ಜಾಗ ಸಿಗುತ್ತದೆ. ಪ್ಲೇ ಸ್ಟೋರ್‌ನಲ್ಲಿ ಆಟೊ ಅಪ್‌ಡೇಟ್ ಆನ್ ಮಾಡಿ. ಬ್ಯಾಂಕ್ ಆ್ಯಪ್, ಯುಪಿಐ ಆ್ಯಪ್, ವಾಟ್ಸ್ಆ್ಯಪ್ ಈ ಮೂರನ್ನಾದರೂ ಹಳೆಯದಾಗಲು ಬಿಡಬೇಡಿ. ಪ್ಲೇ ಪ್ರೊಟೆಕ್ಟ್ ಆನ್ ಇದೆಯಾ ನೋಡಿ. ಯಾರಾದರೂ ಫೋನ್ ಮಾಡಿ 'ಅದನ್ನು ಆಫ್ ಮಾಡಿ' ಅಂದರೆ ಆ ಕ್ಷಣವೇ ಕಾಲ್ ಕಟ್ ಮಾಡಿ.

ಕಾವಲು ಮುಗಿದ ಫೋನನ್ನು ಎಸೆಯಬೇಕಿಲ್ಲ. ಮಾತಾಡಲು, ಹಾಡು ಕೇಳಲು ಇರಲಿ. ಬ್ಯಾಂಕಿಗೆ ಲಿಂಕ್ ಇರುವ ಸಿಮ್, ಯುಪಿಐ ಆ್ಯಪ್ ಮಾತ್ರ ಮನೆಯಲ್ಲಿರುವ ಹೊಸ ಫೋನಿನಲ್ಲಿರಲಿ. ಹೊಸ ಫೋನು ಕೊಳ್ಳಲು ಈಗ ಆಗದಿದ್ದರೆ ಅಂಗಡಿಯ ಕ್ಯೂಆರ್‌ಗೆ ಪ್ರತ್ಯೇಕ ಖಾತೆ ಇಟ್ಟು, ದಿನದ ಕೊನೆಗೆ ಸೇರಿದ ದುಡ್ಡನ್ನು ಆ ಫೋನಿಗೆ ಲಿಂಕ್ ಇಲ್ಲದ ಖಾತೆಗೆ ವರ್ಗಾಯಿಸಿಡಿ. ಕಳ್ಳ ಬಂದರೂ ಸಿಗುವುದು ಅವತ್ತಿನ ವ್ಯಾಪಾರ ಮಾತ್ರ, ಮಗಳ ಮದುವೆಗೆ ಕೂಡಿಟ್ಟಿದ್ದು ಅಲ್ಲ. ಮುಂದಿನ ಸಲ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮೊದಲು 'ಸೆಕ್ಯುರಿಟಿ ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತೆ?' ಅಂತ ಕೇಳಿ.

ದುಡ್ಡು ಹೋದರೆ ಗಂಟೆಗಳ ಲೆಕ್ಕ

ಇಷ್ಟಾಗಿಯೂ ಖಾತೆಯಿಂದ ದುಡ್ಡು ಹೋದರೆ ನಾಚಿಕೆ ಪಟ್ಟುಕೊಂಡು ಕೂರಬೇಡಿ. ತಕ್ಷಣ ಫೋನಿನ ಡೇಟಾ, ವೈಫೈ ಆಫ್ ಮಾಡಿ. ಬೇರೆ ಫೋನಿನಿಂದ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆಮೇಲೆ ಚಾಮರಾಜನಗರದ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿ. ಎಷ್ಟು ಬೇಗ ಹೇಳುತ್ತೀರೋ ಕಳ್ಳರ ಖಾತೆಯಲ್ಲಿ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಆರ್‌ಬಿಐ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ಗ್ರಾಹಕರದ್ದಾಗಲಿ ಬ್ಯಾಂಕಿನದ್ದಾಗಲಿ ತಪ್ಪಿಲ್ಲದೆ ಬೇರೆಯವರ ಕೈವಾಡದಿಂದ ದುಡ್ಡು ಹೋಗಿದ್ದು, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರ ಮೇಲೆ ನಷ್ಟದ ಹೊಣೆ ಇಲ್ಲ. ಗ್ರಾಹಕರ ನಿರ್ಲಕ್ಷ್ಯದಿಂದ ಹೋಗಿದ್ದರೆ ದೂರು ಕೊಡುವವರೆಗಿನ ನಷ್ಟ ಗ್ರಾಹಕರದ್ದು, ದೂರು ಕೊಟ್ಟ ನಂತರ ಆಗುವ ನಷ್ಟ ಬ್ಯಾಂಕಿನದ್ದು. ಅಂದರೆ 'ನಾಳೆ ಬ್ಯಾಂಕಿಗೆ ಹೋಗಿ ಕೇಳೋಣ' ಅಂತ ಕಳೆಯುವ ಒಂದು ರಾತ್ರಿಯ ನಷ್ಟವೂ ನಿಮ್ಮ ತಲೆ ಮೇಲೆ ಬರಬಹುದು. ಅಂಗಡಿ ಗೋಡೆಯ ಮೇಲೆ ಕ್ಯೂಆರ್ ಕೋಡ್ ಅಂಟಿಸಿರುವ ಜಾಗದ ಪಕ್ಕದಲ್ಲೇ 1930 ಅಂತ ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಇವತ್ತು ರಾತ್ರಿ ಷಟರ್ ಎಳೆದ ಮೇಲೆ ಫೋನಿನ ಸೆಟ್ಟಿಂಗ್ಸ್ ಒಮ್ಮೆ ತೆರೆದು, ಆ ದಿನಾಂಕ ನೋಡಿ ಮಲಗಿ.